ಖಜೂರ್‌ಗೆ ಕಲಿಸಿದ್ದು

"ದೂರ ಸರಿ, ದೂರ ಸರಿ ಅಂದ್ರ..."

ಹಾಜಿರಾ ಬೀ ಮಾತು ಮುಗಿಸುವಷ್ಟರಲ್ಲಿ ನಾಯಿ ಖಜೂರ್ ಹಾರಿ ಎರಡೂ ಮುಂಗಾಲನ್ನು ಅವಳ ಸೊಂಟಕ್ಕೆ ಊರಿಯೇಬಿಟ್ಟಿತ್ತು. ಕೈ ನೆಕ್ಕಿತು. ದುಪಟ್ಟಾಕ್ಕೆ ಜೊಲ್ಲು ಮೆತ್ತಿತು. ಆಮೇಲೆ ಏನೋ ದೊಡ್ಡ ಕೆಲಸ ಮಾಡಿದಂತೆ ಬಾಲ ಅಲ್ಲಾಡಿಸುತ್ತ ಕೆಳಗಿಳಿಯಿತು.

ಮಾನ್ವಿಯ ಆ ಪುಟ್ಟ ಮನೆಯಲ್ಲಿ ಎಲ್ಲರೂ ಮಾತಾಡುವುದು ದಖನಿ. ನಿಮಗೆ ತಿಳಿಯಲಿ ಅಂತ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಹಾಜಿರಾ ಬೀ ಆ ಮನೆಯ ಹುಡುಗಿ ಗುಲ್ಫಶಾಳ ದಾದಿ, ಅಂದರೆ ಅಪ್ಪನ ತಾಯಿ. ಅವಳು ಆಗಷ್ಟೇ ವುಜೂ ಮಾಡಿ ಬಚ್ಚಲಿನಿಂದ ಹೊರಗೆ ಬಂದಿದ್ದಳು. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದುಕೊಳ್ಳುವುದೇ ವುಜೂ. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ದಾದಿ ನಮಾಜು ಮಾಡುವವಳಲ್ಲ. ಮತ್ತೆ ಬಟ್ಟೆ ಬದಲಿಸಬೇಕು, ಮತ್ತೆ ತೊಳೆದುಕೊಳ್ಳಬೇಕು. ಮೊಣಕಾಲು ನೋವು ಬೇರೆ.

"ನಾಯಿ ಮ್ಯಾಲ ನನಗೇನು ಸಿಟ್ಟಿಲ್ಲ. ಅದಕ್ಕ ರೊಟ್ಟಿ ಹಾಕಾಕಿ ನಾನೇ. ಆದರ ದಿನಾ ಇದೇ ಆದ್ರ ನಾನೇನು ಮಾಡ್ಲಿ?" ಅಂದಳು ದಾದಿ.

ಗುಲ್ಫಶಾಳ ಅಪ್ಪ, ಅವಳು ಅಬ್ಬಾ ಅನ್ನುವ ಲಾಲ್ ಸಾಬ್, ಗೂಡ್ಸ್ ಆಟೋ ಒರೆಸುತ್ತಿದ್ದವನು ತಲೆ ಎತ್ತಿದ. "ಗುಲ್ಫಶಾ, ಹದಿನೈದು ದಿನ ನೋಡ್ತೀನಿ. ಹಾರೋದು ಬಿಡಲಿಲ್ಲಂದ್ರ ಬಾಗಲವಾಡದಾಗ ನನ್ನ ಗೆಳೆಯ ಸೈಫುದ್ದೀನ್ ಹೊಲದಾಗ ಬಿಟ್ಟು ಬರ್ತೀನಿ."

ಗುಲ್ಫಶಾ ಖಜೂರ್ ಕಡೆ ನೋಡಿದಳು. ಚರಂಡಿ ಪಕ್ಕ ನಡುಗುತ್ತ ಕೂತಿದ್ದ ಮರಿಯನ್ನು ಹಾಲು ಕುಡಿಸಿ ಬದುಕಿಸಿದವಳು ಅವಳು. ಖರ್ಜೂರದ ಬಣ್ಣ ಅಂತ ಖಜೂರ್ ಎಂದು ಹೆಸರಿಟ್ಟವಳೂ ಅವಳೇ.

ಮರುದಿನ ಶಾಲೆಯಲ್ಲಿ ಗೆಳತಿ ವಿಜಯಶ್ರೀ ಒಂದು ಉಪಾಯ ಹೇಳಿದಳು. ಅವಳು ಅಣ್ಣನ ಮೊಬೈಲ್‌ನಲ್ಲಿ ವಿಡಿಯೋ ನೋಡಿದ್ದಳು.

"ಕ್ಲಿಕರ್ ಟ್ರೇನಿಂಗ್ ಅಂತಾರ. ಟಿಕ್ ಅಂತ ಸಪ್ಪಳ ಮಾಡೋದು, ತಿನ್ನಾಕ ಕೊಡೋದು. ಮೊದಲು ಅಷ್ಟೇ. ಟಿಕ್ ಅಂದ್ರ ತಿನ್ನಾಕ ಸಿಗತದ ಅಂತ ಅದಕ್ಕ ಗೊತ್ತಾಗಬೇಕು. ಆಮ್ಯಾಲ ಅದು ಸರಿ ಮಾಡಿದ ಕೂಡ್ಲೇ ಟಿಕ್ ಅನಸಬೇಕು."

"ಹಗ್ಗ, ಕೊರಳ ಪಟ್ಟಾ ಏನೂ ಬ್ಯಾಡೇನು? ಮುಟ್ಟಬೇಕಾಗತದೇನು?"

"ಏನೂ ಬ್ಯಾಡ. ದೂರ ನಿಂತು ಮಾಡಬೋದು."

ಗುಲ್ಫಶಾಳಿಗೆ ಬೇಕಾಗಿದ್ದು ಇದೇ. ನಾಯಿಯನ್ನು ಅಂಗಳದಲ್ಲಿ ಇಟ್ಟುಕೋ, ಆದರೆ ಮುಟ್ಟಬೇಡ ಅನ್ನುವುದು ಮನೆಯ ಕರಾರು. ಕ್ಲಿಕರ್ ಎಲ್ಲಿಂದ ತರುವುದು? ಒತ್ತಿದರೆ ಟಿಕ್ ಅನ್ನುವ ನೀಲಿ ಪೆನ್ ಸಾಕಾಯಿತು.

ಮೊದಲ ದಿನ ಬರೀ ಟಿಕ್, ಒಂದು ಚೂರು ರೊಟ್ಟಿ. ಮೂರನೇ ದಿನಕ್ಕೆ ಟಿಕ್ ಅಂದರೆ ಸಾಕು, ಖಜೂರ್ ಎಲ್ಲಿದ್ದರೂ ಕಿವಿ ನಿಮಿರಿಸಿ ಓಡಿ ಬರುತ್ತಿತ್ತು. ಐದನೇ ದಿನ ಕೂತುಕೊಳ್ಳುವುದನ್ನೂ ಕಲಿಯಿತು. ಗುಲ್ಫಶಾ ಖುಷಿಯಲ್ಲಿ ರಾತ್ರಿ ಊಟವನ್ನೇ ಮರೆತಳು.

ಆದರೆ ದಾದಿ ಬಚ್ಚಲಿನಿಂದ ಹೊರಗೆ ಬಂದರೆ ಮಾತ್ರ ಕಲಿತದ್ದೆಲ್ಲ ಮಾಯ. ಒದ್ದೆ ಕೈ ಕಂಡರೆ ಸಾಕು, ಖಜೂರ್ ಹಾರುತ್ತಿತ್ತು.

ಬೇರೆ ಮನೆಯ ಮಕ್ಕಳಾಗಿದ್ದರೆ ಕುತ್ತಿಗೆ ಹಿಡಿದು ಎಳೆಯುತ್ತಿದ್ದರು. ಗುಲ್ಫಶಾ ಮುಟ್ಟುವ ಹಾಗಿಲ್ಲವಲ್ಲ. ಅವಳಿಗೆ ಒಂದು ದಾರಿ ಹೊಳೆಯಿತು. ಖಜೂರ್ ಹಾರಿದ ಕೂಡಲೇ ಅಂಗಳದ ಈ ತುದಿಯಿಂದ ಟಿಕ್ ಅನಿಸಿದಳು. ಅದು ದಾದಿಯನ್ನು ಬಿಟ್ಟು ಓಡಿ ಬಂತು. ರೊಟ್ಟಿ ಚೂರು ಕೊಟ್ಟಳು.

"ನೋಡು ದಾದಿ, ಹ್ಯಾಂಗ ಬಿಡಿಸಿದೆ."

"ಶಾಣ್ಯಾಕಿ ಅದಿ," ಅಂದಳು ದಾದಿ, ದುಪಟ್ಟಾ ಜಾಡಿಸುತ್ತ.

ಅಂದಿನಿಂದ ಅದೇ ಅಭ್ಯಾಸವಾಯಿತು. ಖಜೂರ್ ಹಾರುವುದು, ಇವಳು ಟಿಕ್ ಅನಿಸುವುದು, ಅದು ಓಡಿ ಬರುವುದು. ಹಾರುವುದು ಮಾತ್ರ ಕಡಿಮೆಯಾಗಲಿಲ್ಲ. ಹನ್ನೊಂದನೇ ದಿನದ ಹೊತ್ತಿಗೆ ಅದು ಬಚ್ಚಲ ಬಾಗಿಲಲ್ಲೇ ಕಾಯತೊಡಗಿತ್ತು. ಗುಲ್ಫಶಾಳಿಗೆ ಅಳು ಬರುತ್ತಿತ್ತು. ಇಷ್ಟು ಕಲಿಸಿದರೂ ಯಾಕೆ ಹೀಗೆ ಮಾಡುತ್ತದೆ ಅಂತ ಅದರ ಮೇಲೆ ಸಿಟ್ಟೂ ಬರುತ್ತಿತ್ತು.

ಹದಿಮೂರನೇ ದಿನ ಸಂಜೆ ಖಜೂರ್ ಹಾರಿದ ರಭಸಕ್ಕೆ ದಾದಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಅಬ್ಬಾ ಬೈಯಲಿಲ್ಲ, ನಾಯಿಗೆ ಹೊಡೆಯಲೂ ಇಲ್ಲ. ದಾದಿಯ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು, "ಶನಿವಾರ ಬಾಗಲವಾಡಕ್ಕ ಲೋಡ್ ಅದ," ಅಂದ. ಅಷ್ಟೇ.

ಶನಿವಾರ ಮಧ್ಯಾಹ್ನ ಗೊಬ್ಬರದ ಚೀಲಗಳ ಹಿಂದೆ ಖಜೂರ್ ಕೂತಿತು. ದಾದಿ ಎಡಗೈಯಲ್ಲೇ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಗುಲ್ಫಶಾಳಿಗೆ ಕೊಟ್ಟಳು. "ಹೊಸ ಜಾಗ. ಹಸಗೊಂಡು ಇರಬಾರದು," ಅಂದಳು. ಗುಲ್ಫಶಾ ಅವಳ ಮುಖ ನೋಡಲಾರದೆ ಆಟೋ ಹತ್ತಿದಳು.

ಹೊಲದ ಶೆಡ್ಡಿನ ಮುಂದೆ ಸೈಫುದ್ದೀನ್ ಚಾಚಾ ಕೈ ತೊಳೆಯುತ್ತಿದ್ದ. ಆಟೋದಿಂದ ಜಿಗಿದ ಖಜೂರ್ ನೇರ ಓಡಿ ಅವನ ಮೇಲೆ ಹಾರಿತು.

"ಅರೆ, ಇದೇನಿದು, ಬಂದ ಕೂಡ್ಲೇ," ಅಂತ ಚಾಚಾ ಹಿಂದೆ ಸರಿದ.

ಹಾರಿದ ಮೇಲೆ ಖಜೂರ್ ಚಾಚಾನ ಕಡೆ ನೋಡಲೇ ಇಲ್ಲ. ಕುತ್ತಿಗೆ ತಿರುಗಿಸಿ ಗುಲ್ಫಶಾಳನ್ನು ನೋಡಿತು. ಅವಳ ಕೈಯನ್ನು ನೋಡಿತು. ಬಾಲ ಅಲ್ಲಾಡಿಸುತ್ತ ಕಾಯುತ್ತ ನಿಂತಿತು.

ಗುಲ್ಫಶಾ ತನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ದಾದಿಯ ಮೇಲೆ ಹಾರಿದಾಗಲೆಲ್ಲ ಅದು ಹೀಗೇ ತಿರುಗಿ ನೋಡುತ್ತಿತ್ತು. ಹಾರಿದಾಗಲೆಲ್ಲ ಟಿಕ್. ಹಾರಿದಾಗಲೆಲ್ಲ ರೊಟ್ಟಿ. ಎಂಟು ದಿನ, ಅವಳು ಮನೆಯಲ್ಲಿದ್ದ ಪ್ರತಿ ನಮಾಜಿನ ಹೊತ್ತು.

"ಅಬ್ಬಾ, ಹಾರಾಕ ಇದಕ್ಕ ನಾನೇ ಕಲಿಸೀನಿ," ಅಂದಳು. ಎಲ್ಲವನ್ನೂ ತಡವರಿಸುತ್ತ ಹೇಳಿದಳು.

ಅಬ್ಬಾ ಚೀಲ ಕೆಳಗಿಟ್ಟ. "ನಿನ್ನ ಮಾತು ಖರೆ ಇರಬೋದು ಬೇಟಿ. ಆದರ ದಾದಿಗೆ ಇನ್ನೊಂದು ಸಲ ಬೀಳೋ ಶಕ್ತಿ ಇಲ್ಲ."

ಅವಳಿಗೂ ಅದು ಗೊತ್ತಿತ್ತು. "ಚೀಲ ಇಳಿಸೋ ತನಕ ನಾ ಇಲ್ಲೇ ಇರಲೇನು?"

ಅಬ್ಬಾ ಹೂಂ ಅಂತ ತಲೆಯಾಡಿಸಿದ.

ಖಜೂರ್ ಅವಳ ಕಡೆಗೆ ಓಡಿ ಬಂದು ಹಾರಿತು. ಗುಲ್ಫಶಾ ಪೆನ್ ಒತ್ತಲಿಲ್ಲ. ಬೆನ್ನು ತಿರುಗಿಸಿ ನಿಂತಳು. ಅದು ಮತ್ತೆ ಹಾರಿತು, ಕುಂಯ್‌ಗುಟ್ಟಿತು. ತನಗೆ ಬಂದದ್ದನ್ನೆಲ್ಲ ಮಾಡಿ ನೋಡಿ ಕೊನೆಗೆ ಏನೂ ತೋಚದೆ ನೆಲದ ಮೇಲೆ ನಿಂತಿತು. ಟಿಕ್. ದಾದಿಯ ರೊಟ್ಟಿಯ ಒಂದು ಚೂರು.

ಮತ್ತೆ ಹಾರಿತು. ಮತ್ತೆ ಕಾದಳು. ನಿಂತಿತು. ಟಿಕ್.

ಕಣ್ಣು ಮಂಜಾಗಿ ಅವಳಿಗೆ ಅದರ ಕಾಲುಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಒರೆಸಿಕೊಂಡು ನೋಡಿ, ನಾಲ್ಕೂ ನೆಲದ ಮೇಲಿದ್ದರೆ ಮಾತ್ರ ಒತ್ತುತ್ತಿದ್ದಳು. ಚೀಲಗಳು ಖಾಲಿಯಾದವು, ರೊಟ್ಟಿಯೂ ಮುಗಿಯಿತು.

"ಚಾಚಾ, ನಿಂತಾಗಷ್ಟೇ ಒತ್ತರಿ," ಅಂತ ಪೆನ್ನನ್ನು ಸೈಫುದ್ದೀನ್ ಚಾಚಾನ ಕೈಗೆ ಕೊಟ್ಟು ಆಟೋ ಹತ್ತಿದಳು.

ಆಟೋ ಸ್ಟಾರ್ಟ್ ಆಯಿತು. ಖಜೂರ್ ಓಡಿ ಬರುತ್ತದೆ, ಹಾರುತ್ತದೆ ಅಂದುಕೊಂಡು ಅವಳು ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಅದು ಹಾರಲಿಲ್ಲ. ನಾಲ್ಕೂ ಕಾಲು ನೆಲಕ್ಕೆ ಊರಿ, ಅವಳನ್ನೇ ನೋಡುತ್ತ, ಕರೆಯುತ್ತಾಳೆ ಅಂತ ಕಾಯುತ್ತ ನಿಂತೇ ಇತ್ತು.