ಹದಿನಾರೂ ಹಾಜರು

ನೆರೆಯ ಮುನ್ನೆಚ್ಚರಿಕೆ ಹೊರಡುವಷ್ಟರಲ್ಲಿ ನೆರೆಯೇ ಬಂದು ಕೆಳಗಿನ ಬೀದಿಯನ್ನು ಕೊಚ್ಚಿಕೊಂಡು ಹೋಗಿತ್ತು. ಸತ್ತವರಲ್ಲಿ ಮುನ್ಸೂಚನಾ ಕಚೇರಿಯ ಕಂಪ್ಯೂಟರ್ ಆಪರೇಟರ್ ಆಗಿದ್ದವಳ ತಾಯಿಯೂ ಒಬ್ಬರು. ಆದರೂ ಮೇಲಧಿಕಾರಿ, ‘ಲೆಕ್ಕ ತಡವಾದದ್ದು ಇವಳ ಬೇಜವಾಬ್ದಾರಿಯಿಂದ’ ಎಂದು ಹೇಳಿ ಕೈ ತೊಳೆದುಕೊಂಡಿದ್ದ. ತನಿಖೆಗೆ ಬಂದ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಹಿಂದೆ ನಾನೂ ನೆರೆಯ ಲೆಕ್ಕ ಹಾಕುವ ಯಂತ್ರದ ಕೋಣೆಗೆ ನಡೆದೆ. ನಿಜ ಹೇಳಬೇಕೆಂದರೆ, ಈ ಕೇಸು ನನಗೆ ಬೇಡವಾಗಿತ್ತು.

“ಆವತ್ತು ಯಂತ್ರ ಸರಿಯಾಗಿತ್ತಾ?” ಸಾಹೇಬರು ಕೇಳಿದರು.

“ಸರಿಯಾಗೇ ಇತ್ತು ಸಾರ್,” ಎಂದಳು ಆಪರೇಟರ್. “ಶುರುವಾದಾಗ ಲೆಕ್ಕ ಮಾಡೋ ಪ್ರೊಸೆಸರ್ ಹದಿನಾರು ಅಂತ ತೋರಿಸ್ತು. ದಿನಾ ಅದನ್ನೇ ನೋಡೋದು.”

“ಬರೀ ಸಂಖ್ಯೆನಾ?”

“ಇನ್ನೇನು ನೋಡ್ಬೇಕು?” ಅತ್ತು ಅತ್ತು ಅವಳ ಕಣ್ಣುಗಳು ಊದಿದ್ದವು. “ಅಮ್ಮನ್ನ ನಾನೇ ಕೊಂದೆ ಅಂತಾರೆ. ಹೌದಾ ಸಾರ್?”

ಸಾಹೇಬರು ಯಂತ್ರವನ್ನು ಮತ್ತೆ ಶುರು ಮಾಡಿಸಿದರು. ತೆರೆಯ ಮೇಲೆ ಸಾಲುಗಳು ಓಡಿದವು — ಹದಿನಾರೂ ಹಾಜರು! ಎಲ್ಲರೂ ಅಷ್ಟಕ್ಕೇ ನಿಲ್ಲುತ್ತಿದ್ದರು. ಇವರು ಮಾತ್ರ ಸಾಲುಗಳನ್ನು ಹಿಂದಕ್ಕೆ ಸರಿಸಿ ಓದತೊಡಗಿದರು.

“ಇದನ್ನ ಬಿಚ್ಚೋದು ಯಾರು?”

“ನನ್ನ ತಮ್ಮ. ಇಲ್ಲಿನ ರಿಪೇರಿ ಎಲ್ಲಾ ಅವನದೇ. ನೆರೆಗೆ ಎರಡು ದಿನ ಮುಂಚೆ ತಾನೇ ಧೂಳು ತೆಗೆದಿದ್ದ.” ತಮ್ಮ ಬಾಗಿಲಲ್ಲೇ ನಿಂತಿದ್ದ.

“ಮೇಲಧಿಕಾರಿ?”

“ಅವರಿಗೆ ಸ್ಕ್ರೂ ತಿರುಗಿಸೋಕೂ ಬರಲ್ಲ ಸಾರ್.”

ಸಾಹೇಬರು ಮುಚ್ಚಳ ಬಿಚ್ಚಿಸಿದರು. ಪ್ರೊಸೆಸರ್‌ಗಳಿರುವ ಎರಡು ಚಿಪ್ ಇರಬೇಕಾದಲ್ಲಿ — ಒಂದೇ ಒಂದು!

“ಶುರುವಾಗುವಾಗ ಆಪರೇಟಿಂಗ್ ಸಿಸ್ಟಂ ಒಂದೊಂದೇ ಪ್ರೊಸೆಸರನ್ನ ಎಬ್ಬಿಸಿ ಗುರುತಿನ ಸಂಖ್ಯೆ ಕೇಳುತ್ತೆ,” ಎಂದರು. “ಅದು ಯಾವ ಚಿಪ್ಪಿಂದು ಅನ್ನೋದು ಆ ಸಂಖ್ಯೆಯಲ್ಲೇ ಗೊತ್ತಾಗುತ್ತೆ. ಇಲ್ಲಿ ಹದಿನಾರೂ ಒಂದೇ ಚಿಪ್ಪಿನವು! ಮೊದಲು ಎರಡು ಚಿಪ್ಪಲ್ಲಿ ನಿಜವಾದ ಎಂಟೆಂಟು ಇದ್ವು. ಒಂದು ಚಿಪ್ ಕದ್ದು, ಉಳಿದ ಎಂಟರಲ್ಲಿ ಪ್ರತಿಯೊಂದೂ ಎರಡಾಗಿ ಕಾಣೋ ಸೆಟ್ಟಿಂಗ್ ಹಾಕಿದಾರೆ. ಎಣಿಸೋಕೆ ಹದಿನಾರು, ದುಡಿಯೋಕೆ ಎಂಟೇ. ಇನ್ನು ಲೆಕ್ಕ ಹೊತ್ತಿಗೆ ಸರಿಯಾಗಿ ಮುಗಿಯೋದೆಲ್ಲಿ? ಇಷ್ಟೆಲ್ಲಾ ಮಾಡೋಕೆ ಬರೋದು ಇಲ್ಲಿ ಒಬ್ಬನಿಗೇ. ಚಿಪ್ ಎಲ್ಲಪ್ಪಾ?”

ತಮ್ಮ ಬಾಗಿಲು ಬಿಟ್ಟು ಒಳಗೆ ಬಂದ. “ಮಾರಿಬಿಟ್ಟೆ ಸಾರ್. ಒಂದೇ ಸಾಕಾಗುತ್ತೆ ಅನ್ಕೊಂಡೆ. ನೆರೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಅಕ್ಕಾ...”

ಅವಳ ಮೇಲಿನ ಅಪವಾದ ಕಳೆದಿತ್ತು. ಅವಳು ನಿರಾಳವಾಗಿ ಉಸಿರು ಬಿಟ್ಟಾಳೆಂದು ನಾನು ಕಾದೆ. ಅವಳು ಸಾಹೇಬರ ತೋಳು ಹಿಡಿದುಕೊಂಡಳು.

“ನಾನೇ ನಿದ್ದೆ ಹೋಗಿದ್ದೆ ಅಂತ ಬರ್ಕೊಳ್ಳಿ ಸಾರ್. ಅಮ್ಮ ಹೋದ್ಲು. ನಂಗಿನ್ನು ಇವನೊಬ್ಬನೇ ಇರೋದು.”

ಸಾಹೇಬರು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ನನ್ನತ್ತ ತಲೆಯಾಡಿಸಿದರು. ನಾನು ಹುಡುಗನಿಗೆ ಕೋಳ ತೊಡಿಸಿದೆ.