ಎತ್ತದೆ ಬಿಟ್ಟ ಕರೆ

"ಹೆತ್ತವಳಿಗೆ ಮಗಳ ಮುಖ ನೋಡಿದ್ರೆ ಗೊತ್ತಾಗ್ಬೇಕಿತ್ತು," ಎಂದರು ಎನಿಡ್, ಬಾಗಿಲಲ್ಲೇ ನಿಂತು ಕೈಗವಸು ಏರಿಸಿಕೊಳ್ಳುತ್ತಾ. ವಿಚಾರಣೆಗೆ ಹೊರಟ ಆ ಬೆಳಿಗ್ಗೆಯೂ ಅತ್ತೆಗೆ ಸುಮ್ಮನಿರಲಾಗಲಿಲ್ಲ.

ಸೊಸೆ ಹಿಲರಿ ಕೋಟಿನ ಗುಂಡಿ ಹಾಕಿಕೊಂಡಳು. ಹತ್ತೊಂಬತ್ತರ ಮಗಳು ಇಮೋಜನ್ ರೈಲು ಹಳಿಯ ಮೇಲೆ ತಾನಾಗಿ ಜೀವ ಕಳೆದುಕೊಂಡ ಆ ಫೆಬ್ರವರಿಯಿಂದ ಹತ್ತು ತಿಂಗಳು ಇದೇ ಮಾತು... ಶವಪೆಟ್ಟಿಗೆಯ ಪಕ್ಕದಲ್ಲೂ, ಭಾನುವಾರದ ಊಟದ ಮೇಜಿನಲ್ಲೂ. ಗಂಡ ಕ್ಲೈವ್ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ, ಹಿಲರಿಗೆ ಅದೂ ಉಳಿದಿರಲಿಲ್ಲ.

ಇಂಥ ಸಾವುಗಳನ್ನು ವಿಚಾರಿಸುವ ಅಧಿಕಾರಿ ಕೊರೊನರ್, ತಗ್ಗಿದ ದನಿಯ ನರೆಗೂದಲ ಹೆಂಗಸು. ಮೊದಲು ರೈಲು ಚಾಲಕನ ಹೇಳಿಕೆ ಓದಿದರು. ಪಾಪ, ಅವನು ಮತ್ತೆ ಕೆಲಸಕ್ಕೆ ಹೋಗಿಲ್ಲವಂತೆ. ಆಮೇಲೆ ವೈದ್ಯರ ಪತ್ರ: ಹುಡುಗಿಯ ಮನಸ್ಸು ಎರಡು ವರ್ಷದಿಂದ ಕುಸಿದಿತ್ತು, ಚಿಕಿತ್ಸೆಗೆ ಐದು ತಿಂಗಳಿಂದ ಸರದಿ ಕಾಯುತ್ತಿದ್ದಳು. ಹಿಲರಿಯ ಸರದಿ ಬಂದಾಗ, ಮಗಳು ಅಂದು ಟೋಸ್ಟ್ ತಿಂದಳು, ಹಸಿರು ಸ್ವೆಟರ್ ಒಗೆಯಲು ಹಾಕಿದಳು ಎಂದಷ್ಟೇ ಹೇಳಿದಳು.

ಕೊನೆಗೆ ಪೊಲೀಸ್ ಅಧಿಕಾರಿ ಫೋನಿನ ವಿವರ ಓದಿದ. ಕೊನೆಯ ಕರೆ ಅಜ್ಜಿಗೆ. ಅಜ್ಜಿ ಎತ್ತಿರಲಿಲ್ಲ.

ಹೇಳಲೇಬೇಕೆಂದಿಲ್ಲ ಎಂದು ಕೊರೊನರ್ ತಿಳಿಸಿದರೂ ಎನಿಡ್ ಎದ್ದು ನಿಂತರು.

"ಫೋನು ಕೈಲೇ ಇತ್ತು. ನನ್ನ ಹುಟ್ಟುಹಬ್ಬಕ್ಕೆ ಬರ್ಲಿಲ್ಲ ಅಂತ ಮುನಿಸು. ಬಡ್ಕೊಳ್ಳಲಿ ಸ್ವಲ್ಪ ಹೊತ್ತು ಅಂತ ಬಿಟ್ಟೆ..."

ಇದು ಬಹುಕಾಲದ ಕಾಯಿಲೆ, ಒಂದು ಕರೆಯ ಮೇಲೆ ಯಾರೂ ಇದನ್ನು ಹೊರಿಸಲಾಗದು ಎಂದು ಕೊರೊನರ್ ಮೆಲ್ಲಗೆ ಹೇಳಿ, ಆತ್ಮಹತ್ಯೆ ಎಂದು ದಾಖಲಿಸಿದರು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಸೊಸೆಯ ಎದುರು ಎನಿಡ್ ಬಂದು ನಿಂತರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಮೇ ತಿಂಗಳಲ್ಲೇ ಪೊಲೀಸರು ಫೋನಿನ ಕಾಗದಪತ್ರ ಕಳಿಸಿದ್ರು."

"ಅಷ್ಟೆಲ್ಲ ಅಂದೆನಲ್ಲ ನಿನ್ನ... ಒಂದು ಸಲ ಆದ್ರೂ ಬಾಯಿ ಬಿಡಬಾರದಿತ್ತಾ?"

"ನನ್ನ ಬೈಕೊಂಡಾದ್ರೂ ನಿಮಗೆ ನಿದ್ದೆ ಬರ್ಲಿ ಅಂದ್ಕೊಂಡೆ," ಎಂದಳು ಹಿಲರಿ. "ಇಬ್ರೂ ಎದ್ದು ಕೂತು ಏನ್ಮಾಡೋದು?"

ಎನಿಡ್ ಕೈಗವಸು ಕಳಚಿದರು.

"ಬರ್ತಿರ್ಲಿಲ್ಲ ಕಣೆ," ಎಂದರು. "ಒಂದು ದಿನಾನೂ ಬಂದಿಲ್ಲ."

ಹಿಲರಿ ಮೆಲ್ಲಗೆ ಪಕ್ಕಕ್ಕೆ ಸರಿದು ಅತ್ತೆಗೆ ಜಾಗ ಬಿಟ್ಟಳು.