ಅರಿಶಿನದ ಹಾಳೆ

ಸೋಮವಾರ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದ ಭಾಗ್ಯಶ್ರೀ ಟೀಚರ್ ಹೊಸ್ತಿಲಲ್ಲೇ ನಿಂತಳು. ಗೂಡಿನಲ್ಲಿದ್ದ ಮೈಕ್ರೋಸ್ಕೋಪ್ ಮಾಯ. ಗೂಡಿನ ಮುಂದಿನ ಮೇಜಿನ ಮೇಲೆ ಮಕ್ಕಳು ಶನಿವಾರ ಅರಿಶಿನ ಬಳಿದು ಒಣಗಲು ಹರಡಿದ್ದ ಹಾಳೆ. ಅದರ ಮೇಲೆ ಕೆಂಪಗೆ ಒಂದು ಅಂಗೈ ಮೂಡಿತ್ತು.

ಹೆಡ್‌ಮಾಸ್ತರ ದೊಡ್ಡಬಸಪ್ಪ ಬಂದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ರಕ್ತ ಐತಲ್ರೀ ಮೇಡಂ."

ಕಿಟಕಿಯಲ್ಲಿ ಹತ್ತನೇ ತರಗತಿಯವರು ಕಿಸಕ್ಕೆಂದರು. ಪಾಪ, ಹೆಡ್‌ಮಾಸ್ತರರು ಇತಿಹಾಸದವರು. ಟೀಚರ್ ಬಿಸಿಯೂಟದ ಕೋಣೆಯಿಂದ ಲಿಂಬೆಹಣ್ಣು ತರಿಸಿ ಒಂದು ಹನಿ ಹಿಂಡಿದಳು. ಕೆಂಪು ಮತ್ತೆ ಹಳದಿಯಾಯಿತು.

"ರಕ್ತ ಅಲ್ರೀ ಸರ್. ಸುಣ್ಣ, ಸೋಡಾ ಅಂಥಾದ್ದು ಹತ್ತಿದ ಕೈ."

ಸುಣ್ಣ ಎಂದದ್ದೇ ತಡ, ಎಲ್ಲರ ಕಣ್ಣೂ ಕಾವಲುಗಾರ ಮಾಳಿಂಗಪ್ಪನ ಕಡೆ ತಿರುಗಿದವು. ಅವನ ಸೊಂಟದಲ್ಲಿ ತಂಬಾಕಿನ ಜೊತೆ ಸುಣ್ಣದ ಡಬ್ಬಿ ಸದಾ ಇರುತ್ತದೆ. ಬೀಗ ಒಡೆದಿರಲಿಲ್ಲ. ಇರುವ ಎರಡು ಚಾವಿಯಲ್ಲಿ ಒಂದು ಅವನ ಹತ್ತಿರ.

"ನಾ ಮುಟ್ಟಿಲ್ರೀ ಸಾಹೇಬ್ರ. ಇದೊಂದ ನೌಕರಿ ಐತ್ರೀ ನನಗ."

"ಮಧ್ಯಾಹ್ನದೊಳಗ ತಂದಿಡು. ಇಲ್ಲಂದ್ರ ಪೊಲೀಸರಿಗೆ ಹೇಳಿ ಕೆಲಸದಿಂದ ತಗಸ್ತೀನಿ. ಮೇಡಂ, ಅದು ಸಿಗೂತನಕ ನಿಮಗೂ ರಿಲೀವ್ ಇಲ್ಲ."

ಟೀಚರಿಗೆ ಲಿಂಗಸುಗೂರಿಗೆ ವರ್ಗವಾಗಿತ್ತು. ಲ್ಯಾಬಿನ ಸಾಮಾನೆಲ್ಲ ಒಪ್ಪಿಸದೆ ಬಿಡುವಂತಿಲ್ಲ.

*

ಎಲ್ಲರೂ ಹೋದ ಮೇಲೆ ಭಾಗ್ಯಶ್ರೀ ಆ ಗುರುತಿನ ಮೇಲೆ ತನ್ನ ಕೈ ಹಿಡಿದು ನೋಡಿದಳು. ಅಳತೆ ಹೆಚ್ಚುಕಡಿಮೆ ಒಂದೇ. ಎರಡನೇ ಚಾವಿ ತನ್ನದೇ, ಬಾಡಿಗೆ ಮನೆಯ ಗೋಡೆಯ ಮೊಳೆಗೆ ನೇತಾಡುವಂಥದ್ದು. ಶನಿವಾರ ಲ್ಯಾಬಿಗೆ ಬೀಗ ಹಾಕಿದ್ದು ಮಾಳಿಂಗಪ್ಪ, ಅವಳ ಚಾವಿ ಮೊಳೆಯಲ್ಲೇ ಇತ್ತು.

ಕಾಲುವೆ ಬದಿಯ ಈ ಊರಲ್ಲಿ ಎಲ್ಲರೂ ನಮಸ್ಕಾರ ಮಾಡುತ್ತಾರೆ, ಯಾರೂ ಜೊತೆ ಕೂರುವುದಿಲ್ಲ. ಕೂರುತ್ತಿದ್ದವಳು ಮನೆಯೊಡತಿ ಪಂಪಮ್ಮ ಒಬ್ಬಳೇ. ಗಂಡನಿಲ್ಲ, ಮಕ್ಕಳಾಗಲಿಲ್ಲ. ದಿನಾ ಸಂಜೆ "ಇವತ್ತೇನ್ ಕಲಿಸಿದ್ರಿ ಟೀಚರ್?" ಎನ್ನುವಳು. ಈರುಳ್ಳಿ ಸಿಪ್ಪೆಯ ಜೀವಕೋಶ, ಹೃದಯದ ನಾಲ್ಕು ಕೋಣೆ, ಎಲ್ಲವನ್ನೂ ಅನ್ನ ಆರುವ ತನಕ ಕೇಳುವಳು. ಶನಿವಾರದ ಅರಿಶಿನದ ಪಾಠವೊಂದನ್ನು ಮಾತ್ರ ಹೇಳಿರಲಿಲ್ಲ. ಅಂದು ಶಾಲೆಯಿಂದಲೇ ಭಾಗ್ಯಶ್ರೀ ಲಿಂಗಸುಗೂರಿನ ಬಸ್ಸು ಹತ್ತಿದ್ದಳು; ಭಾನುವಾರ ರಾತ್ರಿ ಮರಳಿದಾಗ ಮನೆಯ ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು.

ಸುಮ್ಮನಿದ್ದರೆ ಮಾಳಿಂಗಪ್ಪನ ಅನ್ನಕ್ಕೆ ಕಲ್ಲು. ಅವಳು ಮನೆಗೆ ನಡೆದಳು.

*

"ಮೈಕ್ರೋಸ್ಕೋಪ್ ಎಲ್ಲೈತಿ ಪಂಪಕ್ಕ?"

ಪಂಪಮ್ಮ ಸುಳ್ಳು ಹೇಳಲಿಲ್ಲ.

"ಭತ್ತದ ಚೀಲದಾಗ. ಒಡೀಬಾರದಂತ ಸೀರಿ ಸುತ್ತೀನಿ. ಹೆಂಗ ಗೊತ್ತಾತ್ರೀ?"

"ಅರಿಶಿನಕ್ಕ ಸುಣ್ಣ ಮುಟ್ಟಿದ್ರ ಕೆಂಪಾಗ್ತೈತಿ. ತಂಬಾಕಿನ ಸುಣ್ಣ ಒಂದ್ ಬೆರಳಿಗೆ ಹತ್ತತೈತಿ. ಅಲ್ಲಿ ಇಡೀ ಅಂಗೈ ಇತ್ತು, ಅದೂ ಹೆಣ್ಮಕ್ಕಳ ಕೈ. ನಿನ್ನೆ ನಾ ಊರಾಗಿರಲಿಲ್ಲ, ಚಾವಿ ಮನ್ಯಾಗಿತ್ತು. ನೀವು ಗ್ವಾಡಿಗೆ ಸುಣ್ಣ ಹಚ್ಚಾಕತ್ತಿದ್ರಿ. ಕೈ ತೊಳದ್ರೂ ಗೆರಿ ಸಂದ್ಯಾಗಿನ ಸುಣ್ಣ ಹೋಗಿರಲಿಲ್ಲ. ಮೈಕ್ರೋಸ್ಕೋಪ್ ಎತ್ತಾಕ ಮೇಜಿಗೆ ಕೈ ಊರಿದ್ರಿ."

ಪಂಪಮ್ಮ ದಿನಾ ಪಾಠ ಕೇಳುವ ಹಾಗೆಯೇ ಕಣ್ಣು ಮಿಟುಕಿಸದೆ ಕೇಳಿದಳು.

"ಯಾಕ ಮಾಡಿದ್ರಿ? ಮಾಳಿಂಗಪ್ಪನ್ನ ಪೊಲೀಸರಿಗೆ ಕೊಡ್ತಾರಂತ," ಎಂದಳು ಭಾಗ್ಯಶ್ರೀ.

"ಒಂದ್ ಸಾಮಾನು ಕಡಿಮಿ ಬಿದ್ರೂ ಬಿಡಾಂಗಿಲ್ಲ ಅಂತ ನೀವ ಹೇಳಿದ್ರಿ. ಮಾಳಿಂಗಪ್ಪನ ಕುತ್ತಿಗಿಗೆ ಬರ್ತೈತಂತ ಹೊಳೀಲಿಲ್ರೀ."

ಪಂಪಮ್ಮನೇ ಚೀಲ ಬಿಚ್ಚಿದಳು. ಸೀರೆಯ ಮಡಿಕೆಯಿಂದ ಭತ್ತದ ಕಾಳು ಕೊಡವಿದಳು.

"ನಡೀರಿ. ಹೆಡ್‌ಮಾಸ್ತರಿಗೆ ನಾನ ಹೇಳ್ತೀನಿ."

ಬಾಗಿಲ ಬಳಿ ಅವಳು ತಿರುಗಿ ನಿಂತಳು. ಪೊಲೀಸರ ಮಾತೆತ್ತಲಿಲ್ಲ.

"ಇದು ಸಿಕ್ತಂದ್ರ ಇವತ್ತ ಬಿಡ್ತಾರೇನ್ರೀ ನಿಮ್ಮನ್ನ?"

"ಹೂಂ ಪಂಪಕ್ಕ," ಎಂದಳು ಭಾಗ್ಯಶ್ರೀ. "ಇವತ್ತ ಬಿಡ್ತಾರ."